ದಿನಕ್ಕೆ ನಾಲ್ಕು ಸಲ ಕುಡಿಯುತ್ತಿದ್ದ ಅಕ್ಕ

ನಮ್ಮ ಬೇಲಿಯಾಚೆಯ ಅಕ್ಕ ಕುಡಿಯುತ್ತಿದ್ದಳು. ಇದು ನಾನು ಹೇಳುವ ಮಾತಲ್ಲ, ಹೊನ್ನಾವರ ಹೇಳುತ್ತಿದ್ದ ಮಾತು. ನಮ್ಮೂರು ಸುಳ್ಳು ಹೇಳುವ ಊರಲ್ಲ. ಅರ್ಧ ಕೇಳಿಸಿಕೊಂಡು ಪೂರ್ತಿ ಹೇಳುವ ಊರು, ಅಷ್ಟೇ.

ಅವಳ ಹೆಸರು ಇಲ್ಲಿ ಬೇಡ. ಬದುಕಿದ್ದಾಗ ಅದನ್ನು ಎಲ್ಲರೂ ಬೇಕಾದಷ್ಟು ಬಳಸಿದ್ದಾರೆ. ನಾನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ರಕ್ತಸಂಬಂಧವೇನೂ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ, ಅದರಲ್ಲೊಂದು ಕಂಡಿ. ಅವಳ ಗಂಡನಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿ. ನಮ್ಮವರು ಕನ್ನಡ ಶಾಲೆಯ ಮಾಸ್ತರು. ನಾನು ಮದುವೆಯಾಗಿ ಕುಮಟೆಯಿಂದ ಬಂದಾಗ ಅವಳಿಗೆ ಮೂವತ್ತು ದಾಟಿತ್ತು, ನನಗೆ ಹದಿನೇಳು.

ಹೋದ ತಿಂಗಳು ಅವಳ ಮಗಳು ನನ್ನನ್ನು ನೋಡಲು ಬಂದಿದ್ದಳು. ಅರವತ್ತು ದಾಟಿದ ಹೆಂಗಸು, ನನ್ನ ಬಾಯಲ್ಲಿ ಇನ್ನೂ ಹುಡುಗಿ. ಕೈಯಲ್ಲೊಂದು ದಪ್ಪ ಫೈಲು. ಮೈ ತುರಿಕೆಯೆಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದಳಂತೆ. ಅಲ್ಲಿ ರಕ್ತ ತೆಗೆದು, ಹೊಟ್ಟೆಯ ಫೋಟೋ ತೆಗೆದು, ಕೊನೆಗೆ ಡಾಕ್ಟರು ಕೂಡ್ರಿಸಿಕೊಂಡು ಬಿಡಿಸಿ ಹೇಳಿದರಂತೆ. ಪಿತ್ತಜನಕಾಂಗದೊಳಗೆ ಕೂದಲೆಳೆಯಂಥ ಸಣ್ಣ ಕೊಳವೆಗಳಿರುತ್ತವೆ, ಪಿತ್ತ ಹರಿದುಹೋಗುವ ದಾರಿ ಅವು. ರೋಗಗಳನ್ನು ಹೊಡೆದೋಡಿಸಲು ನಮ್ಮ ಮೈಯಲ್ಲೇ ಒಂದು ಕಾವಲುಪಡೆ ಇರುತ್ತದೆ. ಕೆಲವರ ಮೈಯಲ್ಲಿ ಆ ಕಾವಲಿನವರಿಗೆ ತಲೆಕೆಟ್ಟು, ಮನೆಯ ಕೊಳವೆಯನ್ನೇ ಕಳ್ಳನೆಂದು ತಿಳಿದು ಬಡಿಯತೊಡಗುತ್ತಾರೆ. ವರ್ಷಗಟ್ಟಲೆ ಬಡಿತ ತಿಂದು ಕೊಳವೆ ಮುಚ್ಚುತ್ತ ಹೋಗುತ್ತದೆ. ಪಿತ್ತ ಇಳಿಯಲು ದಾರಿಯಿಲ್ಲದೆ ಹಿಂದೆ ತಿರುಗಿ ರಕ್ತಕ್ಕೆ ಸೇರುತ್ತದೆ. ಆಮೇಲೆ ತುರಿಕೆ, ಸುಸ್ತು, ಕೊನೆಕೊನೆಗೆ ಕಾಮಾಲೆ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ ಬರುತ್ತದೆ, ಮುಟ್ಟಿದರೆ ಅಂಟುವುದಿಲ್ಲ. ತಾಯಿಗಿದ್ದರೆ ಮಗಳಿಗೂ ಬರುವುದುಂಟು.

ಮನೆಯವರನ್ನೇ ಕಳ್ಳರೆಂದು ತಿಳಿದು ಬಡಿಯುವುದು! ಇದನ್ನು ಕಂಡುಹಿಡಿಯಲು ವಿಲಾಯತಿಯ ಪಂಡಿತರು ಅಷ್ಟು ವರ್ಷ ಕಣ್ಣಿಗೆ ಕನ್ನಡಿ ಹಚ್ಚಿ ಕೂತಿದ್ದರಂತೆ. ನಮ್ಮ ಬೇಲಿಯ ಕಂಡಿಯಲ್ಲಿ ನಿಂತು ನೋಡಿದ್ದರೆ ಒಂದೇ ವಾರದಲ್ಲಿ ತಿಳಿಯುತ್ತಿತ್ತು.

ಹುಡುಗಿ ಫೈಲು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು, "ಕಾಣು ಚಿಕ್ಕಮ್ಮಾ, ಕುಡಿತದಿಂದ ಬಂದದ್ದಲ್ಲ ಅಂತ ಇಲ್ಲಿ ಬರ್ದದೆ" ಎಂದಳು. ನನಗೆ ಇಂಗ್ಲಿಷು ಬಾರದು. ಬೆರಳಿಟ್ಟ ಜಾಗಕ್ಕೆ ಕೈಮುಗಿದೆ.

ಅಕ್ಕನಿಗೆ ತುರಿಕೆ ಶುರುವಾದದ್ದು ಯುದ್ಧದ ಕಾಲದಲ್ಲಿ. ಅಕ್ಕಿ ಕಂಟ್ರೋಲು, ಸೀಮೆಎಣ್ಣೆ ಕಂಟ್ರೋಲು, ಸಕ್ಕರೆಯಂತೂ ಕಣ್ಣಿಗೆ ಕಂಡರೆ ಪುಣ್ಯ. ಎಲ್ಲದಕ್ಕೂ ಮಿತಿ ಹಾಕಿದ ಸರಕಾರ ತುರಿಕೆಗೆ ಹಾಕಲಿಲ್ಲ. ಮೊದಲು ಅಂಗೈ, ಅಂಗಾಲು. ಆಮೇಲೆ ಬೆನ್ನು, ತೋಳು. ಮೈಯಲ್ಲಿ ಒಂದು ಗುಳ್ಳೆ ಇಲ್ಲ, ಒಂದು ಕಜ್ಜಿ ಇಲ್ಲ. ಅವಳೇ ಕೆರೆದು ಮಾಡಿಕೊಂಡ ಗೀರುಗಳು ಮಾತ್ರ. ಸೆಕೆಗೆ ಹೆಚ್ಚು, ಮಲಗಿದರೆ ಇನ್ನೂ ಹೆಚ್ಚು.

ನಮ್ಮ ಕೇರಿಯಲ್ಲಿ ಯಾರ ಮನೆಯ ಮದುವೆ ಮುಂಜಿಗೂ ಕಾಯಿ ತುರಿಯುವ ಕೆಲಸ ಅಕ್ಕನದು. ತುರಿಮಣೆಯ ಮೇಲೆ ಅವಳು ಕೂತರೆ ಐವತ್ತು ಕಾಯಿಯ ತುರಿ ಮಲ್ಲಿಗೆ ರಾಶಿಯ ಹಾಗೆ ಬೀಳುತ್ತಿತ್ತು, ಕರಟದ ಕಪ್ಪು ಒಂದು ಚೂರೂ ಇಲ್ಲದೆ. ಒಂದು ದಿನ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತ ಹೇಳಿದಳು:

"ತಂಗಿ, ಊರ ಕಾಯಿ ಎಲ್ಲ ತುರ್ದು ಮುಗೀತು ಕಾಣ್ತದೆ. ಈಗ ನನ್ನೇ ತುರೂಕೆ ಕೂತಿದ್ದೆ."

ಕೆರೆದುಕೊಳ್ಳಲು ಅವಳಲ್ಲಿ ದೊಡ್ಡ ದಾಸ್ತಾನೇ ಇತ್ತು. ಬೆನ್ನಿಗೆ ಬಾಚಣಿಗೆ, ಅಂಗಾಲಿಗೆ ಕತ್ತದ ಹಗ್ಗ, ಎರಡೂ ಸಾಲದಾಗ ಜಗಲಿಯ ಚಿರೆಕಲ್ಲಿನ ಕಂಬ. "ಈ ಕಂಬ ನನಗೆ ಮಾಡಿದ ಉಪಕಾರ ತಾಳಿ ಕಟ್ಟಿದವ್ರೂ ಮಾಡ್ಲಿಲ್ಲ" ಎನ್ನುತ್ತಿದ್ದಳು, ತಾಳಿ ಕಟ್ಟಿದವರು ಅದೇ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿರುವಾಗಲೇ. ಅವರು ಒಳ್ಳೆಯವರು. ಕೊನೆಯಲ್ಲಿ ಮಾತಾಡಿದವರ ಮಾತಿಗೆ ಯಾವಾಗಲೂ ಒಪ್ಪುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಕೊನೆಯಲ್ಲಿ ಮಾತಾಡಲು ಕಾಯುತ್ತಿದ್ದರು. ಗೆಲ್ಲುತ್ತಿದ್ದವಳು ಅಕ್ಕನ ಓರಗಿತ್ತಿ, ಮೈದುನನ ಹೆಂಡತಿ.

ಮದ್ದು ಹೇಳಲು ಯಾರೂ ಬಡವರಾಗಿರಲಿಲ್ಲ. ಕೇರಿಯ ಅಜ್ಜಿಯೊಬ್ಬಳು ಪಿತ್ತದ ಗಂಧೆ ಎಂದು ಕಂಬಳಿಯಲ್ಲಿ ಮೈ ತಿಕ್ಕಿಸಿದಳು. ಚರ್ಮ ಸುಲಿದದ್ದೇ ಬಂತು. ಮಾವಳ್ಳಿಯಿಂದ ಬಂದ ನೆಂಟರು ನಾಗನ ಉಪದ್ರವ ಎಂದರು. ನಾಗನಿಗೆ ಹಾಲೆರೆದದ್ದಾಯಿತು, ಮನೆಯಲ್ಲಿ ಮೂರು ದಿನ ಮಜ್ಜಿಗೆ ಇಲ್ಲ. ಕಣ್ಣು ಸ್ವಲ್ಪ ಹಳದಿಯಾದಾಗ ಒಬ್ಬ ಬಂದು ತೋಳಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಹೋದ. ಅದು ಕಾಮಾಲೆ ಇಳಿಸುವ ಕ್ರಮ. ಮರುದಿನ ಹೇಗಿದೆ ಎಂದು ಕೇಳಿದೆ.

"ಗುಣ ಅದೆ ಮಾರಾಯ್ತಿ. ಉರಿ ಇದ್ದಷ್ಟು ಹೊತ್ತು ತುರಿಕೆ ನೆನಪಾಗುದಿಲ್ಲ."

ಭಟ್ಕಳದಲ್ಲಿ ಒಬ್ಬ ಹಕೀಮರಿದ್ದರು. ಹೊಳೆ ದಾಟಿ ಅವರಲ್ಲಿಗೂ ಹೋಗಿಬಂದರು. ಆ ಹಿರಿಯರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎತ್ತಿ, ರೆಪ್ಪೆಯ ಮೂಲೆಯಲ್ಲಿದ್ದ ಅರಿಶಿನದ ಬೊಟ್ಟಿನಂಥ ಗಂಟುಗಳನ್ನು ತುಂಬ ಹೊತ್ತು ನೋಡಿ, "ಅಮ್ಮಾ, ಚರ್ಮದ್ದು ತಪ್ಪಿಲ್ಲ. ಜಿಗರ್ ತಕರಾರು ಮಾಡ್ತಾ ಇದೆ" ಎಂದರಂತೆ. ಜಿಗರ್ ಎಂದರೆ ಪಿತ್ತಜನಕಾಂಗ. ಇಷ್ಟು ಜನರಲ್ಲಿ ಸರಿಯಾಗಿ ಹೇಳಿದವರು ಅವರೊಬ್ಬರೇ, ಹಾಗಾಗಿ ಯಾರೂ ನಂಬಲಿಲ್ಲ. ಪಿತ್ತ ಎಂಬ ಮಾತನ್ನು ನಮ್ಮವರೂ ಆಡುತ್ತಿದ್ದರು ಬಿಡಿ. ಅಕ್ಕನ ನಾಲಗೆ ಹರಿತ, ಹಾಗಾಗಿ "ಪಿತ್ತ ನೆತ್ತಿಗೇರಿದೆ" ಎನ್ನುತ್ತಿದ್ದರು. ಬೈಗುಳವಾಗಿ ಆಡಿದ್ದು ರೋಗದ ವಿಷಯದಲ್ಲಿ ಮುಕ್ಕಾಲು ನಿಜವಾಗಿತ್ತು ಎಂಬುದು ಅವರಿಗೆ ಇಂದಿಗೂ ತಿಳಿಯದು.

ಇಷ್ಟಾದ ಮೇಲೆ ಊರು ತೀರ್ಮಾನಿಸಿತು: ಇದು ಹತ್ತುವ ರೋಗ. ಮದುವೆಮನೆಗಳಿಂದ ಕಾಯಿ ತುರಿಯುವ ಕರೆ ನಿಂತಿತು. ಓರಗಿತ್ತಿ ಅಡುಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡು, "ಅಕ್ಕಯ್ಯ, ನೀವು ಸುಮ್ನೆ ವಿಶ್ರಾಂತಿ ತಕಳಿ" ಎಂದಳು. ಎಷ್ಟು ಕಾಳಜಿ! ಅಕ್ಕನ ತಟ್ಟೆ ಬೇರೆ, ಲೋಟ ಬೇರೆ, ಮಲಗುವ ಚಾಪೆ ಬೇರೆ. ವಿಶ್ರಾಂತಿಗೆ ಇಷ್ಟು ಸಾಮಾನು ಬೇಕಾಗುತ್ತದೆಂದು ನನಗೆ ಆಗಲೇ ತಿಳಿದದ್ದು.

ಅಕ್ಕ ಹಿತ್ತಿಲ ಚಾವಡಿಯಲ್ಲಿ ಮೂರು ಕಲ್ಲಿಟ್ಟು ತನ್ನದೇ ಒಲೆ ಹೂಡಿದಳು. ವಾರಕ್ಕೆರಡು ಸಲ ಒಂದೆಲಗದ ತಂಬುಳಿಯೋ ಅಪ್ಪೆಹುಳಿಯೋ ಮಾಡಿ, ನೀಲಿ ಅಂಚಿನ ಪಿಂಗಾಣಿ ಬಟ್ಟಲಲ್ಲಿ ತುಂಬಿ, ಬೇಲಿಯ ಕಂಡಿಯಿಂದ ನನಗೆ ಕೊಡುತ್ತಿದ್ದಳು. "ಉಪ್ಪು ಸರಿ ಅದೆಯಾ ಕಾಣು, ತಂಗಿ." ಮರುದಿನ ನಾನು ಬಟ್ಟಲು ತೊಳೆದು, ಬರಿದಾದ ಪಾತ್ರೆ ಕೊಡಬಾರದಲ್ಲ, ಒಂದು ಚೂರು ಬೆಲ್ಲವನ್ನೋ ಎರಡು ದಾಸವಾಳವನ್ನೋ ಹಾಕಿ ಹಿಂದೆ ಕೊಡುತ್ತಿದ್ದೆ. "ಉಪ್ಪು ಬರೋಬರಿ ಆಗಿತ್ತು ಅಕ್ಕಾ."

ಉಪ್ಪು ಎಷ್ಟಿತ್ತೋ ದೇವರಿಗೇ ಗೊತ್ತು. ನಾನು ತಂಬುಳಿಯನ್ನು ಹಿತ್ತಿಲ ಮೂಲೆಯ ಎಳೆ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆ. ಮಡಿಲಲ್ಲಿ ಕೂಸಿತ್ತು. ಹೆದರಿಕೆ. ದಿನಾ ಸಂಜೆ ದೀಪ ಹಚ್ಚಿ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವ ಅಭ್ಯಾಸ ನನಗೆ ತವರಿನಿಂದ ಬಂದದ್ದು. ಇವತ್ತು ಸೀಮೆಎಣ್ಣೆ ಸಿಕ್ಕಿತು, ಒಂದು. ಕಂಟ್ರೋಲ್ ಅಕ್ಕಿಯಲ್ಲಿ ಕಲ್ಲು ಕಡಿಮೆಯಿತ್ತು, ಎರಡು. ಕೂಸಿನ ಮೈಯಲ್ಲಿ ತುರಿಕೆಯಿಲ್ಲ, ಮೂರು. ಇಂಥ ಭಕ್ತಿ ನನ್ನದು.

ಕುಮಟೆಯ ಡಾಕ್ಟರರಲ್ಲಿಗೆ ಹೋದದ್ದು ಅವಳ ಮಗಳಿಗೆ ಗಂಡು ಗೊತ್ತಾದ ವರ್ಷ. ಗಂಡಿನ ಮನೆಯೂ ಕುಮಟೆಯ ಕಡೆಯೇ. "ತಾಯಿಯ ರೋಗ ಅವರ ಕಿವಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ" ಎಂದು ಓರಗಿತ್ತಿ ಎರಡು ಹೊತ್ತೂ ಹೇಳುತ್ತಿದ್ದಳು. ಮುರಿಯದಿದ್ದರೆ ತನ್ನ ಮಾತು ಬಿದ್ದುಹೋಗುತ್ತದಲ್ಲ ಎಂಬ ಚಿಂತೆಯೂ ಇತ್ತು, ಪಾಪ. ಅಕ್ಕನಿಗೆ ಬೇಕಾದದ್ದು ಒಂದೇ: ಇದು ಹತ್ತುವುದಿಲ್ಲ ಎಂದು ದೊಡ್ಡವರ ಬಾಯಲ್ಲಿ ಬರಬೇಕು. ಮಗಳ ಧಾರೆಗೆ ತನ್ನ ಗಂಡನ ಕೈಮೇಲೆ ಗಿಂಡಿಯ ನೀರು ಬಿಡಬೇಕಾದವಳು ತಾಯಿ. ಆ ನೀರು ತನ್ನ ಕೈಯಿಂದಲೇ ಬೀಳಬೇಕು.

ತವರಿಗೆ ಹೋಗುವ ನೆಪ ಮಾಡಿ ಗಂಡಹೆಂಡಿರ ಜೊತೆಗೆ ನಾನೂ ಹೊರಟೆ. ಪೆಟ್ರೋಲು ಇಲ್ಲದ ಕಾಲ. ಇದ್ದಿಲು ಉರಿಸಿ ಓಡಿಸುವ ಸರ್ವಿಸ್ ಮೋಟಾರು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು.

ಡಾಕ್ಟರು ಒಳ್ಳೆಯ ವಿದ್ಯಾವಂತರು, ಮುಂಬಯಿಯಲ್ಲಿ ಕಲಿತವರು. ನಡುವೆ ಒಂದು ಪರದೆ. ಪರದೆಯಾಚೆ ಕಂಪೌಂಡರು, ಬೆಂಚಿನ ಮೇಲೆ ಕಾಯುವ ಹತ್ತು ಜನ. ಹೊಟ್ಟೆ ಒತ್ತಿ ನೋಡಿ, ಕಣ್ಣು ನೋಡಿ, ಡಾಕ್ಟರು ಕಾಗದ ಎಳೆದುಕೊಂಡರು.

"ಕುಡಿಯುವ ಅಭ್ಯಾಸ ಇದೆಯೇ?"

"ಅದೆ" ಎಂದಳು ಅಕ್ಕ.

ಡಾಕ್ಟರು ಅವಳ ಗಂಡನ ಮುಖ ನೋಡಿದರು. ಅವರು ಅಭ್ಯಾಸದಂತೆ ತಲೆಯಾಡಿಸಿದರು.

"ದಿನವೂ?"

"ದಿನಾ. ದಿನಕ್ಕೆ ನಾಕು ಸಲ. ಕುಡೀದೇ ಹೋದ್ರೆ ಬಾಯಿ ಒಣಗಿ ಮಾತೇ ಹೊರಡೂದಿಲ್ಲ."

"ಎಷ್ಟು ವರ್ಷದಿಂದ?"

"ಮೂರು ವರ್ಷ ಆತು."

"ಹೊರಗಿನಿಂದ ತರಿಸುವುದೋ, ಮನೆಯಲ್ಲೇ ತಯಾರೋ?"

"ಹೊರಗಿಂದು ಯಾರು ಕುಡೀತ್ರು? ಮನೇಲೇ ಮಾಡೂದು. ಬ್ಯಾಸಿಗೇಲಿ ಒಣಗ್ಸಿ ಭರಣೀಲಿ ಇಟ್ರೆ ವರ್ಷಿಡೀ ಬರ್ತದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. "ಮನೆಯಲ್ಲಿ ಬೇರೆ ಯಾರಾದರೂ ಕುಡಿಯುತ್ತಾರೆಯೇ?"

"ಇವ್ರಿಗೂ ಕೊಡ್ತೆ. ಮಗ್ಳಿಗೂ ಕೊಡ್ತೆ. ಏಕಾದಶಿ ದಿನ ಒಂದು ಲೋಟ ಹೆಚ್ಚು."

ನಾನು ತಡೆಯಲಾರದೆ, "ಡಾಕ್ಟ್ರೇ, ಅದು ಮುರುಗಲು ಹಣ್ಣಿನ ಪಾನಕ!" ಎಂದು ಕೂಗಿಬಿಟ್ಟೆ. ಡಾಕ್ಟರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ಅವರು ನಕ್ಕ ನಗುವಿಗೆ ಮೇಜಿನ ಮೇಲಿನ ಸೀಸೆಗಳು ಗಿಲಗಿಲ ಎಂದವು. ಅಕ್ಕ ಮಾತ್ರ ನಗಲಿಲ್ಲ. "ಕುಡೂದು ಅಂದ್ರೆ ಮತ್ತೆಂತ?" ಎಂದು ಕೇಳಿದಳು. ಗೊತ್ತಾದ ಮೇಲೆ ಡಾಕ್ಟರರನ್ನು ಅವಳು ನೋಡಿದ ನೋಟಕ್ಕೆ ಅವರ ನಗು ತಾನಾಗಿ ಇಂಗಿತು.

ನಕ್ಕು ಮುಗಿಸಿದ ಮನುಷ್ಯ ಸುಳ್ಳು ಹೇಳಲಿಲ್ಲ. ಅದು ಅವರ ದೊಡ್ಡತನ. "ಪಿತ್ತ ಹರಿಯುವ ನಾಳಗಳು ಒಳಗೇ ಬತ್ತುತ್ತಿವೆ. ಯಾಕೆ ಎಂದು ನನಗೆ ಗೊತ್ತಿಲ್ಲ, ನನಗೆ ಕಲಿಸಿದವರಿಗೂ ಗೊತ್ತಿಲ್ಲ. ಔಷಧಿ ಇಲ್ಲ. ನಿಧಾನವಾಗಿ ಹೋಗುವ ರೋಗ, ಕೆಲವು ವರ್ಷ ಸಿಗುತ್ತದೆ" ಎಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ:

"ಮುಟ್ಟಿದ್ರೆ ಹತ್ತತದಾ?"

"ಇಲ್ಲವೇ ಇಲ್ಲ."

"ಹಂಗೆ ಬರ್ದು ಕೊಡಿ."

ಬರೆದುಕೊಟ್ಟರು, ಇಂಗ್ಲಿಷಿನಲ್ಲಿ. ಮನೆಗೆ ಬಂದ ಮೇಲೆ ನಮ್ಮ ಮಾಸ್ತರು ಓದಿ ಅರ್ಥ ಹೇಳಿದರು. ಓರಗಿತ್ತಿ ಚೀಟಿಯನ್ನು ದೂರದಿಂದಲೇ ನೋಡಿ, "ಇಂಗ್ಲಿಷಲ್ಲಿ ಬರ್ದದ್ದು ಎಂತ ಬೇಕಾದ್ರೂ ಇರಬಹುದು" ಎಂದಳು. ಅಕ್ಕ ಅದನ್ನು ಮಡಚಿ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಳು.

ಬರುವಾಗ ನಮ್ಮ ಮೋಟಾರು ಹಳದೀಪುರದ ಹತ್ತಿರ ಕೆಟ್ಟು ನಿಂತಿತು. ಡಾಕ್ಟರರ ಬೆಂಚಿನಲ್ಲಿ ಕೂತಿದ್ದ ನಮ್ಮೂರಿನ ಒಬ್ಬರು ಬೇರೆ ಗಾಡಿ ಹಿಡಿದು ಮುಂದೆ ಹೋದರು. ನಾವು ಮನೆ ಮುಟ್ಟುವಾಗ ಕೇರಿಗೆಲ್ಲ ಗೊತ್ತಾಗಿತ್ತು: ಅಂಗಡಿಯವರ ಹೆಂಡತಿ ಕುಡಿಯುತ್ತಾಳೆ, ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ ತಯಾರಿಸುತ್ತಾಳೆ, ಮಗಳಿಗೂ ಕುಡಿಸುತ್ತಾಳೆ, ಏಕಾದಶಿಗೆ ಹೆಚ್ಚು. ಪರದೆಯಾಚೆ ಅಷ್ಟು ಚೆನ್ನಾಗಿ ಕೇಳಿಸಿದವರಿಗೆ ನಾನು ಕೂಗಿದ ಮುರುಗಲು ಮಾತ್ರ ಕೇಳಿಸಲಿಲ್ಲ.

ಬಾಯಿ ಒಣಗುವುದೂ ಅದೇ ರೋಗದ ಬಾಲವಂತೆ, ಈಗ ಹುಡುಗಿ ಹೇಳಿದಳು. ಆ ಕಾವಲಿನವರು ಪಿತ್ತದ ಕೊಳವೆಯಲ್ಲೇ ನಿಲ್ಲುವುದಿಲ್ಲ, ಕೆಲವರಲ್ಲಿ ಬಾಯ ನೀರನ್ನೂ ಕಣ್ಣ ನೀರನ್ನೂ ಒಣಗಿಸುತ್ತಾರಂತೆ. ಹಾಗೆ ನೋಡಿದರೆ ಅಕ್ಕ ಕುಡಿದದ್ದು ರೋಗದಿಂದಲೇ, ರೋಗ ಬಂದದ್ದು ಕುಡಿದು ಅಲ್ಲ. ನಮ್ಮೂರು ಎರಡನ್ನೂ ತಿರುವುಮುರುವು ಮಾಡಿಕೊಂಡಿತು.

ಮದುವೆ ಹತ್ತಿರ ಬಂತು. ಓರಗಿತ್ತಿ ಒಂದು ಉಪಾಯ ತೆಗೆದಳು. ಅಕ್ಕ ಎಂಟು ದಿನ ಮಾವಳ್ಳಿಯ ಅಣ್ಣನ ಮನೆಯಲ್ಲಿರಲಿ, ಸಮುದ್ರದ ಗಾಳಿ ಒಳ್ಳೆಯದು. ಧಾರೆಯ ನೀರನ್ನು ತಾನು ಬಿಡುತ್ತೇನೆ, ಚಿಕ್ಕಮ್ಮನೂ ತಾಯಿಯೇ ಅಲ್ಲವೇ? ಹೊನ್ನಾವರದಲ್ಲಿ ಇಲ್ಲದ ಸಮುದ್ರದ ಗಾಳಿ ಮಾವಳ್ಳಿಯಲ್ಲಿ ಎಲ್ಲಿಂದ ಬಂತೋ! ಗಂಡ ತಲೆಯಾಡಿಸಿದರು. ಅವತ್ತು ಅಕ್ಕ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ಆತು, ಹೋಗ್ತೆ. ಆದ್ರೆ ಅವಳನ್ನು ಹೆತ್ತದ್ದೂ ಚಿಕ್ಕಮ್ಮನೇ ಅಂತ ಪುರೋಹಿತ್ರ ಹತ್ರ ಹೇಳ್ಸಿ. ಆಮೇಲೆ ಹೋಗ್ತೆ."

ಅವತ್ತು ಕೊನೆಯಲ್ಲಿ ಮಾತಾಡಿದವಳು ಅವಳಾದ್ದರಿಂದ ಗಂಡ ಅದಕ್ಕೂ ತಲೆಯಾಡಿಸಿದರು. ಒಂದು ಒಪ್ಪಂದವಾಯಿತು. ಅಕ್ಕ ಮನೆಯಲ್ಲೇ ಇರಬಹುದು, ಆದರೆ ಹಿಂದಿನ ಕೋಣೆಯಲ್ಲಿ. ಅಡುಗೆ ಮುಟ್ಟಬಾರದು, ಬೀಗರ ಕಣ್ಣಿಗೆ ಬೀಳಬಾರದು. ಧಾರೆಯ ಹೊತ್ತಿಗೆ ನೋಡೋಣ. ನೋಡೋಣ ಎಂದರೆ ಇಲ್ಲ ಎಂದು ಯಾರಿಗೆ ತಿಳಿಯದು?

ದಿಬ್ಬಣ ಬಂತು. ನಮ್ಮಲ್ಲಿ ಬೀಗರು ಅಂಗಳ ಹತ್ತಿದ ಕೂಡಲೇ ಆಸರಿಗೆ ಕೊಡಬೇಕು, ಬಾಯಾರಿ ಬಂದವರಿಗೆ ಬೆಲ್ಲ ನೀರು. ಗಂಡಿನ ತಾಯಿಗೆ ಹೆಣ್ಣಿನ ತಾಯಿಯೇ ಕೈಯಾರೆ ಕೊಡುವುದು ಪದ್ಧತಿ. ಓರಗಿತ್ತಿ ಜರಿಸೀರೆಯುಟ್ಟು ತಂಬಿಗೆ ಹಿಡಿದು ಮುಂದೆ ಬಂದಳು. ಗಂಡಿನ ತಾಯಿ ಎತ್ತರದ, ಗಟ್ಟಿ ದನಿಯ ಹೆಂಗಸು. ತಂಬಿಗೆಗೆ ಕೈ ಚಾಚಲಿಲ್ಲ.

"ಹುಡುಗಿ ತಾಯಿ ಎಲ್ಲಿ?"

"ಅವ್ರಿಗೆ ಸ್ವಲ್ಪ ಹುಷಾರಿಲ್ಲ."

"ಹುಷಾರಿಲ್ವ, ಅಮಲು ಇಳೀಲಿಲ್ವ? ಕುಡೀತ್ರಂತೆ, ಹೌದಾ?"

ಚಪ್ಪರದ ಕೆಳಗೆ ವಾಲಗ ಕೂಡ ನಿಂತುಹೋಯಿತು. ಹುಡುಗಿ ಒಳಗೆ ಬಾಸಿಂಗ ಕಟ್ಟಿಕೊಂಡು ಕೂತವಳು ಗೋಡೆ ಹಿಡಿದಳು. ಮುರಿಯುತ್ತದೆ ಎಂದಿದ್ದ ಓರಗಿತ್ತಿಯ ಮುಖದಲ್ಲಿ ಹೆದರಿಕೆಯೂ ಕಂಡಿತು, ತನ್ನ ಮಾತು ಉಳಿಯಿತೆಂಬ ಸಮಾಧಾನವೂ ಕಂಡಿತು. ಒಂದೇ ಮುಖದಲ್ಲಿ ಎರಡಕ್ಕೂ ಜಾಗವಿತ್ತು.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಅಕ್ಕ ಬಂದಳು. ಹಳದಿ ಕಣ್ಣು, ಕಪ್ಪಿಟ್ಟ ಮುಖ, ತೋಳಿನ ತುಂಬ ಗೀರು, ಬರೆಯ ಕಲೆ. ಮುಚ್ಚಿಕೊಳ್ಳಲು ಸೆರಗನ್ನೂ ಎಳೆದುಕೊಂಡಿರಲಿಲ್ಲ. ಒಂದು ಕೈಯಲ್ಲಿ ತಾಮ್ರದ ಚೊಂಬು ಅಲ್ಲ, ತಾಮ್ರಕ್ಕೆ ಹುಳಿ ಆಗುವುದಿಲ್ಲವಲ್ಲ, ಮಣ್ಣಿನ ಹೂಜಿ. ಇನ್ನೊಂದು ಕೈಯಲ್ಲಿ ಲೋಟ.

"ಹೌದು, ಕುಡೀತೆ. ದಿನಕ್ಕೆ ನಾಕು ಸಲ. ಇದು ಇವತ್ತಿಂದು ಎರಡ್ನೇದು. ನಿಮಗೂ ಬೇಕಾ?"

ಲೋಟಕ್ಕೆ ಬಗ್ಗಿಸಿದಳು. ಮುರುಗಲಿನ ಕೆಂಪು. ಲೋಟ ಹಿಡಿದ ಕೈಯನ್ನು ಮುಂದೆ ಚಾಚಿದಳು. ಗಂಡಿನ ತಾಯಿ ಆ ಕೈಯ ಗೀರುಗಳನ್ನೇ ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ.

ನಾನು ಧೈರ್ಯವಂತೆಯಲ್ಲ. ಆದರೆ ಆ ಲೋಟ ಯಾರೂ ಮುಟ್ಟದೆ ಹಿಂದೆ ಹೋದರೆ ಧಾರೆಯ ಗಿಂಡಿಯೂ ಅವಳ ಕೈಗೆ ಬರುವುದಿಲ್ಲ ಎಂದು ನನಗೆ ತಿಳಿಯಿತು. ಮೂರು ವರ್ಷ ತೆಂಗಿಗೆ ಕುಡಿಸಿದವಳು ನಾನು. ಇಡಗುಂಜಿ ಗಣಪತಿಯನ್ನು ನೆನೆದು, ಮುಂದೆ ಹೋಗಿ, ಲೋಟ ಕಸಿದುಕೊಂಡು ಗಟಗಟ ಕುಡಿದುಬಿಟ್ಟೆ. ಅರ್ಧ ಸೆರಗಿನ ಮೇಲೆ ಬಿತ್ತು. ಆ ಕಲೆ ಹೋಗಲೇ ಇಲ್ಲ.

ಗಂಡಿನ ತಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ತೂರಾಡುತ್ತೇನೋ ಎಂದು ಕಾದರೋ ಏನೋ. ಆಮೇಲೆ ಹೂಜಿಗೆ ಮೂಗು ಹತ್ತಿರ ತಂದು ಮೂಸಿದರು.

"ಮುರುಗಲಾ?"

"ಮತ್ತೆಂತ ಅಂದ್ಕಂಡ್ರಿ?"

"ಬೆಲ್ಲ ಹಾಕ್ತ್ರಾ, ಉಪ್ಪು ಹಾಕ್ತ್ರಾ?"

"ಎರಡೂ. ಒಂಚೂರು ಜೀರಿಗೆ."

"ಕೊಡಿ ಕಾಣ್ವ."

ಕುಡಿದರು. ತುಟಿ ಒರೆಸಿಕೊಂಡರು. ಊರೆಲ್ಲ ಅವರ ಬಾಯನ್ನೇ ನೋಡುತ್ತಿತ್ತು.

"ಜೀರಿಗೆ ಹೆಚ್ಚಾತು."

ಅಲ್ಲಿಗೆ ಸಂಬಂಧ ಗಟ್ಟಿಯಾಯಿತೆಂದು ಎಲ್ಲ ಹೆಂಗಸರಿಗೂ ತಿಳಿಯಿತು. ಬಿಟ್ಟುಹೋಗುವವರು ಜೀರಿಗೆಯ ಸುದ್ದಿಗೆ ಹೋಗುವುದಿಲ್ಲ. ಅಕ್ಕ ಕುಂಕುಮದ ಭರಣಿಯ ಚೀಟಿ ತೆಗೆಯಲು ಹೋದಾಗ ಅವರು, "ಕಾಗದ ಎಂತಕ್ಕೆ? ಕುಡ್ದಾತಲ್ಲ" ಎಂದರು.

ಧಾರೆಗೆ ಅಕ್ಕನೇ ನೀರು ಬಿಟ್ಟಳು. ಗಿಂಡಿಯ ಮೂತಿಯಿಂದ ನೀರು ನೂಲಿನ ಹಾಗೆ ಇಳಿಯಿತು. ಅಷ್ಟು ಹೊತ್ತು ಅವಳು ತುರಿಸಿಕೊಳ್ಳಲಿಲ್ಲ. ತುರಿಕೆ ಇರಲಿಲ್ಲವೇ ಎಂದು ಆಮೇಲೆ ಕೇಳಿದ್ದಕ್ಕೆ, "ಇತ್ತು. ಆದ್ರೆ ಕೈ ಖಾಲಿ ಇರ್ಲಿಲ್ಲ" ಎಂದಳು.

ಮಗಳನ್ನು ಕಳಿಸುವಾಗ ಎಲ್ಲರೂ ಅತ್ತರು, ಓರಗಿತ್ತಿ ಎಲ್ಲರಿಗಿಂತ ಹೆಚ್ಚು. ಅಕ್ಕನ ಕಣ್ಣಲ್ಲಿ ಒಂದು ಹನಿ ಇಲ್ಲ. ಕೆಂಪಗೆ ಒಣಗಿದ ಕಣ್ಣನ್ನು ಉಜ್ಜಿ ಉಜ್ಜಿ ನಿಂತಿದ್ದಳು. "ಎಂಥ ಕಲ್ಲು ಹೃದಯ" ಎಂದು ಊರು ಹೇಳಿತು. ಕಣ್ಣ ನೀರೂ ಒಣಗುತ್ತದೆ ಎಂದು ಹೋದ ತಿಂಗಳು ಹುಡುಗಿ ಹೇಳಿದಾಗ ನನಗೆ ನೆನಪಾದದ್ದು ಆ ನಿಂತ ನಿಲುವು. ಅವಳು ಅಳುತ್ತಿದ್ದಳು, ನಮಗೆ ನೀರು ಕಾಣಲಿಲ್ಲ.

ಮದುವೆಯಾಗಿ ಮೂರನೆಯ ದಿನ ಬೇಲಿಯ ಕಂಡಿಯಲ್ಲಿ ಬಟ್ಟಲು ಬಂತು. ಒಂದೆಲಗದ ತಂಬುಳಿ. ನಾನು ಅಲ್ಲೇ, ಅವಳ ಎದುರೇ, ಬಟ್ಟಲನ್ನು ಬಾಯಿಗೆ ಹಚ್ಚಿ ಕುಡಿದೆ. ಉಪ್ಪು ನಿಜವಾಗಿಯೂ ಬರೋಬರಿ ಇತ್ತು. ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಳು.

"ಇವತ್ತು ತೆಂಗಿಗೆ ಉಪವಾಸನಾ?"

ನಾನು ಖಾಲಿ ಬಟ್ಟಲನ್ನು ಕೆಳಗಿಳಿಸಿದೆ.

"ಅಕ್ಕಾ... ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ. ಕಂಡಿ ಇರೂದು ನಿನ್ನ ಬದಿಗೆ ಮಾತ್ರ ಅಲ್ಲ ಮಾರಾಯ್ತಿ, ನನ್ನ ಬದಿಗೂ ಅದೆ."

"ಗೊತ್ತಿದ್ದೂ ಯಾಕೆ ಕಳಿಸ್ತಿದ್ದೆ?"

ಅವಳು ಬಾಚಣಿಗೆಯಿಂದ ಬೆನ್ನು ಕೆರೆದುಕೊಂಡಳು. ಹೇಳಲೋ ಬೇಡವೋ ಎಂದು ಯೋಚಿಸಿದ ಹಾಗೆ.

"ಉಳದವ್ರು ಬೇಲಿಯಾಚೆಯಿಂದ್ಲೇ ಬ್ಯಾಡ ಅಂತಿದ್ರು. ನೀ ಬಟ್ಲಾರೂ ತಕಂತಿದ್ದೆ. ತೊಳ್ದು, ಒಂದು ಹೂವು ಹಾಕಿ ಕೊಡ್ತಿದ್ದೆ. ಉಪ್ಪು ಸರಿ ಅದೆ ಅಂತಿದ್ದೆ. ನನಗೆ ಅಷ್ಟು ಸಾಕಿತ್ತು."

ನಾನು ದಿನಾ ಸಂಜೆ ದೇವರೆದುರು ಕೂತು ಉಪಕಾರ ಎಣಿಸುವವಳು. ಅವಳ ಎಣಿಕೆಯಲ್ಲಿ ನನ್ನ ಸುಳ್ಳೂ ಒಂದು ಉಪಕಾರವಾಗಿ ಸೇರಿಹೋಗಿತ್ತು.

ಮುಂದೆ ಎರಡು ವರ್ಷ ಇದ್ದಳು. ವಾರಕ್ಕೆರಡು ಸಲ ತಂಬುಳಿ ಕುಡಿದೆ. ನನಗಾಗಲಿ ಕೂಸಿಗಾಗಲಿ ಏನೂ ಹತ್ತಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಅವಳ ಹೊಟ್ಟೆಯಲ್ಲಿ ನೀರು ತುಂಬಿತು. ಒಂದು ಬೆಳಿಗ್ಗೆ ರಕ್ತ ಕಾರಿ ಹೋದಳು. "ಕುಡಿದರೆ ಹೀಗೇ ಆಗುವುದು" ಎಂದು ನಮ್ಮೂರು ಕೊನೆಯ ಮಾತು ಆಡಿತು. ಸರಕಾರ ಬದಲಾಯಿತೆಂದು ಊರು ಬದಲಾಗಬೇಕೆಂದೇನೂ ಇಲ್ಲವಲ್ಲ.

ಹುಡುಗಿಗೆ ಈಗ ಗುಳಿಗೆ ಇದೆ. ಪಿತ್ತದ ಜಾತಿಯದೇ ಒಂದು ಗುಳಿಗೆಯಂತೆ, ದಿನವೂ ನುಂಗಬೇಕು. ರೋಗ ಪೂರ್ತಿ ಹೋಗದಿದ್ದರೂ ನಡಿಗೆ ನಿಧಾನವಾಗುತ್ತದಂತೆ. ಅದೂ ದೇವರ ದಯೆ. ಸ್ವಲ್ಪ ತಡವಾಗಿ ಬಂದ ದಯೆ.

ಹೊರಡುವಾಗ ಅವಳು ಹಿತ್ತಿಲ ಕಡೆ ಕತ್ತು ಉದ್ದ ಮಾಡಿದಳು.

"ಚಿಕ್ಕಮ್ಮಾ, ಆ ಮೂಲೆ ತೆಂಗಿನ ಮರ ಇನ್ನೂ ಅದೆಯಾ?"

"ಅದೆ. ಎಂತಕ್ಕೆ?"

"ಅಮ್ಮ ಹೇಳಿತ್ತು. ಆ ಮರದ ಕಾಯಿ ಕೇಳಿ ತಕಂಡು ಹೋಗು, ಅದ್ರಲ್ಲಿ ನಂದೂ ಪಾಲದೆ ಅಂತ."

ಎರಡು ಕಾಯಿ ಸುಲಿಸಿ ಕೊಟ್ಟೆ. ಒಳಗೆ ಹೋಗಿ ಗೋಡೆಯ ಮಾಡದಿಂದ ನೀಲಿ ಅಂಚಿನ ಬಟ್ಟಲನ್ನೂ ತೆಗೆದೆ. ಅಕ್ಕ ತೀರಿಹೋದ ವಾರ ನನ್ನಲ್ಲೇ ಉಳಿದುಹೋದದ್ದು. ಸೆರಗಿನಿಂದ ಒರೆಸಿದೆ. ಕೊಡಬೇಕಾದದ್ದು ನ್ಯಾಯವೇ. ಆದರೆ ಬರಿದಾದ ಬಟ್ಟಲು ಕೊಡಬಾರದು. ಅದಕ್ಕೆ ಹಾಕಿ ಕೊಡುವಂಥದ್ದು ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ. ತಿರುಗಿ ಮಾಡದಲ್ಲೇ ಇಟ್ಟೆ.